ಟೋಡ್‌ಸ್ಟೂಲ್ ಲೆದರ್ ಕೋರಲ್ ವಾರದಿಂದ ಮುಚ್ಚಿಕೊಂಡಿದೆ, ಅಯೋಡಿನ್ ಹಾಕಲಾ?

ನೀವು ಬರೆದದ್ದು ಇಷ್ಟು: ಬೆಂಗಳೂರಿನ ಮನೆಯಲ್ಲಿ ಮೂರಡಿ ರೀಫ್ ಟ್ಯಾಂಕ್ (ಕೋರಲ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ). ಅಣಬೆಯಾಕಾರದ ಸಾಫ್ಟ್ (ಮೆತ್ತನೆ) ಕೋರಲ್ ಆದ ಟೋಡ್‌ಸ್ಟೂಲ್ ಲೆದರ್ 8 ದಿನದಿಂದ ಪಾಲಿಪ್ (ಹೂವಿನಂಥ ಪುಟ್ಟ ಬಾಯಿಗಳು) ಹೊರಗೆ ಬಿಟ್ಟಿಲ್ಲ, ಮೈಯೆಲ್ಲ ಮೇಣದ ಹೊಳಪು. ಪಕ್ಕದ ಝೋವಾ ಕೋರಲ್‌ಗಳು ಅರ್ಧಂಬರ್ಧ ತೆರೆಯುತ್ತಿವೆ, ಮಶ್ರೂಮ್ ಕೋರಲ್‌ಗಳು ಆರಾಮಾಗಿವೆ. ಬಿಸಿಲು ಜಾಸ್ತಿಯಾಗಿದೆ ಅಂತ ನೀರಿನ ಮೇಲೆ ಫ್ಯಾನ್ ಇಟ್ಟಿದ್ದೀರಿ. ಅಂಗಡಿಯವರು ಟ್ಯಾಂಕಿಗೆ ಅಯೋಡಿನ್ ಹಾಕಿ ಅಂದಿದ್ದಾರೆ.

ಸದ್ಯಕ್ಕೆ ಹಾಕಬೇಡಿ. ಬರೀ ಲೆದರ್ ಮುಚ್ಚಿಕೊಂಡಿದ್ದರೆ ನಾನು ಏನೂ ಮಾಡದೆ ಕಾಯಿರಿ ಅನ್ನುತ್ತಿದ್ದೆ. ಈ ಲೆದರ್‌ಗಳು ಆಗಾಗ ಹಾವು ಪೊರೆ ಬಿಟ್ಟ ಹಾಗೆ ಮೈ ಮೇಲಿನ ತೆಳು ಪದರ ಕಳಚುತ್ತವೆ. ಮೇಲೆ ಕೂತ ಪಾಚಿ, ಕಸ ಎಲ್ಲ ಅದರ ಜೊತೆ ಹೋಗುತ್ತದೆ. ಕೆಲವು ಸಲ ಎರಡು ದಿನಕ್ಕೆ ಮುಗಿಯುತ್ತದೆ, ಕೆಲವು ಸಲ ಎರಡು ವಾರ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಬೇಕಾದದ್ದು ಔಷಧಿಯಲ್ಲ, ಫ್ಲೋ. ನೀರು ಓಡಾಡದಿದ್ದರೆ ಪೊರೆ ಅಲ್ಲೇ ಅಂಟಿಕೊಂಡು ಕೆಳಗಿನ ಮಾಂಸ ಕೊಳೆಯಲು ಶುರುವಾಗುತ್ತದೆ. ಪವರ್‌ಹೆಡ್ (ನೀರು ತಳ್ಳುವ ಪಂಪ್) ನೇರ ಅದರ ಮೇಲೆ ಹೊಡೆಯುವುದು ಬೇಡ. ಗ್ಲಾಸಿಗೆ ತಾಗಿ ವಾಪಸ್ ಬರುವ ನೀರು ಸಾಕು.

ಪೊರೆಯೋ ಕೊಳೆಯೋ ಅಂತ ಗೊತ್ತಾಗಲು ದೊಡ್ಡ ಸಿರಿಂಜಿನಲ್ಲಿ ಟ್ಯಾಂಕಿನ ನೀರು ಎಳೆದು ಮೆಲ್ಲಗೆ ಲೆದರ್‌ನ ಟೋಪಿಯಂಥ ಮೇಲ್ಭಾಗದ ಮೇಲೆ ಬಿಡಿ. ಪೊರೆಯಾದರೆ ಅಂಚಿನಲ್ಲಿ ಪದರ ಎದ್ದು ಬರುತ್ತದೆ, ಕೆಳಗಿನ ಮೈ ಗಟ್ಟಿ ಇರುತ್ತದೆ, ಬಣ್ಣ ಎಲ್ಲ ಕಡೆ ಒಂದೇ ತರ. ಕೊಳೆಯಾದರೆ ಯಾವುದೋ ಒಂದು ಜಾಗದಲ್ಲಿ ಕಪ್ಪು ಅಥವಾ ಕಂದು ಕಲೆ ಇರುತ್ತದೆ, ಅಲ್ಲಿಂದ ಮಾಂಸವೇ ಚೂರುಚೂರಾಗಿ ಎದ್ದು ಹೋಗುತ್ತದೆ. ಅನುಮಾನ ಇದ್ದರೆ ಕಲ್ಲು ಸಮೇತ ಒಂದು ಕ್ಷಣ ಹೊರಗೆತ್ತಿ ಮೂಸಿ ನೋಡಿ. ಕೊಳೆತದ್ದನ್ನು ಮೂಗು ತಪ್ಪಿಸಿಕೊಳ್ಳುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಹೋಗಿದ್ದು ಝೋವಾ ಮೇಲೆ. ಎರಡು ಬೇರೆ ಬೇರೆ ಜಾತಿ ಒಟ್ಟಿಗೆ ಮುಚ್ಚಿಕೊಂಡರೆ ಮೊದಲು ನೀರನ್ನೇ ಅನುಮಾನಿಸಬೇಕು. ಮಶ್ರೂಮ್ ಚೆನ್ನಾಗಿದೆ ಅನ್ನೋದು ಸಾಕ್ಷಿಯಲ್ಲ, ಅವು ಎಂಥ ನೀರಿಗೂ ಹೊಂದಿಕೊಳ್ಳುತ್ತವೆ.

ಇಲ್ಲಿ ಫ್ಯಾನ್ ಬರುತ್ತದೆ. ಫ್ಯಾನ್ ತಂಪು ಮಾಡುವುದೇ ನೀರನ್ನು ಆವಿ ಮಾಡಿ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮಗ್‌ನಲ್ಲಿ ಸುರಿದು ತುಂಬಿಸುತ್ತಿದ್ದರೆ ಸಲಿನಿಟಿ (ಉಪ್ಪಿನ ಪ್ರಮಾಣ) ಏರಿ ಇಳಿದು ಆಡುತ್ತಲೇ ಇರುತ್ತದೆ, ಅದು ಸಾಫ್ಟ್ ಕೋರಲ್‌ಗಳಿಗೆ ಆಗುವುದಿಲ್ಲ. ಉಪ್ಪು ನೀರಿನಲ್ಲೇ ತುಂಬಿಸುತ್ತಿದ್ದರಂತೂ ಏರುತ್ತಲೇ ಹೋಗುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ) ದ್ರಾವಣದಿಂದ ಕ್ಯಾಲಿಬ್ರೇಟ್ ಮಾಡಿ ಅಳೆಯಿರಿ. ಮುಳ್ಳು ಅಲ್ಲಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ, ಮುಳ್ಳಿಗೊಂದು ಗಾಳಿಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ಸಾಪೇಕ್ಷ ಸಾಂದ್ರತೆ 1.025 ಅಥವಾ 1.026 ಇರಬೇಕು. 1.028 ದಾಟಿದ್ದರೆ ಒಂದೇ ದಿನ ಇಳಿಸಬೇಡಿ. ಸ್ವಲ್ಪ ಸ್ವಲ್ಪ ಟ್ಯಾಂಕ್ ನೀರು ತೆಗೆದು ಅಷ್ಟೇ ಆರ್‌ಒ ನೀರು ಹಾಕುತ್ತಾ ಎರಡು ಮೂರು ದಿನ ತಗೊಳ್ಳಿ. ಆಮೇಲೆ ಆವಿಯಾದಷ್ಟು ನೀರನ್ನು ತಾನೇ ತುಂಬಿಸುವ ಒಂದು ಆಟೋ ಟಾಪ್-ಆಫ್ ಹಾಕಿಸಿ. ಅಯೋಡಿನ್ ಬಾಟಲಿಗಳಿಗೆ ಸುರಿಯುವ ದುಡ್ಡು ಇದಕ್ಕೆ ಹಾಕಿದರೆ ಸಾರ್ಥಕ.

ಆರ್‌ಒ ಅಂದರೆ ಅಡುಗೆಮನೆಯದ್ದಲ್ಲ. ಅವುಗಳಲ್ಲಿ ರುಚಿಗೆ ಅಂತ ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಬೇಕಂತಲೇ ಉಳಿಸುತ್ತಾರೆ, ಮಿನರಲ್ ಸೇರಿಸುವುದೂ ಉಂಟು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಯಾದರೆ ಉಳಿದ ಲವಣ ಹಿಡಿಯುವ ಡಿಐ ಫಿಲ್ಟರ್ ಸೇರಿಸಿ ಟಿಡಿಎಸ್ ಮೀಟರ್ 0 ತೋರಿಸಬೇಕು. ಮಿಕ್ಕಂತೆ ಉಷ್ಣತೆ 24ರಿಂದ 27 ಡಿಗ್ರಿ, ಆಲ್ಕಲಿನಿಟಿ (ಕ್ಷಾರೀಯತೆ) 8–9 ಡಿಕೆಎಚ್ (ಅದರ ಅಳತೆಯ ಮಾನ). ನೈಟ್ರೇಟ್ 5ರಿಂದ 15 ಪಿಪಿಎಂ ಇದ್ದರೆ ತೊಂದರೆಯಿಲ್ಲ. ಸೊನ್ನೆ ಇದ್ದರೆ ಖುಷಿ ಪಡಬೇಡಿ, ಸಾಫ್ಟ್ ಕೋರಲ್‌ಗಳು ಅಂಥ ನೀರಿನಲ್ಲಿ ಹಸಿದು ಸೊರಗುತ್ತವೆ.

ಮಾಮೂಲಿ ಟೆಸ್ಟ್ ಕಿಟ್‌ಗಳಲ್ಲಿ ಸಿಗದ ಕಾರಣಗಳೂ ಇವೆ. ಮೀನಿಗೆ ತಾಮ್ರದ ಔಷಧಿ ಹಾಕಿದ್ದಿರಾ? ಆ ರೂಮಿನಲ್ಲಿ ಸೊಳ್ಳೆ, ಜಿರಳೆ ಸ್ಪ್ರೇ ಹೊಡೆದಿದ್ದಿರಾ? ಪವರ್‌ಹೆಡ್ ಬಿಚ್ಚಿ ಮ್ಯಾಗ್ನೆಟ್ ನೋಡಿ, ಮೇಲಿನ ಪದರ ಸೀಳಿ ತುಕ್ಕು ಹಿಡಿದಿದ್ದರೆ ಅದೇ ಕಳ್ಳ ಇರಬಹುದು. ಇದರ ಮೇಲೆ ಲೆದರ್‌ಗಳೇ ಪಕ್ಕದವರನ್ನು ದೂರ ಇಡಲು ಟರ್ಪೀನ್ ಅನ್ನುವ ರಾಸಾಯನಿಕ ಬಿಡುತ್ತವೆ. ಹಾಗಾಗಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಝೋವಾವನ್ನು ಒಂದು ಗೇಣು ದೂರ ಸರಿಸಿ.

ಸರಿಸುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ಝೋವಾ ಗುಂಪಿನ ಕೆಲವಲ್ಲಿ ಪಾಲಿಟಾಕ್ಸಿನ್ ಇರುತ್ತದೆ, ತುಂಬ ಕೆಟ್ಟ ವಿಷ. ಕಲ್ಲು ಕ್ಲೀನ್ ಮಾಡಲು ಬಿಸಿನೀರು ಸುರಿಯುವುದು, ಕುದಿಸುವುದು ಬೇಡವೇ ಬೇಡ, ಆ ಹಬೆ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ. ರಾತ್ರಿ ಲೈಟ್ ಆರಿದ ಮೇಲೆ ಟಾರ್ಚ್ ಹಿಡಿದು ಝೋವಾ ಬುಡವನ್ನೂ ನೋಡಿ. ಅದನ್ನೇ ತಿನ್ನುವ ನ್ಯೂಡಿಬ್ರಾಂಚ್‌ಗಳು (ಚಿಪ್ಪಿಲ್ಲದ ಸಮುದ್ರ ಬಸವನಹುಳುಗಳು) ಅದರದೇ ಬಣ್ಣಕ್ಕೆ ತಿರುಗಿ ಅಡಗಿರುತ್ತವೆ.

ಲೆದರ್‌ನಲ್ಲಿ ಕೊಳೆ ಖಚಿತವಾದರೆ ತಡ ಮಾಡದೆ ಕತ್ತರಿಸಿ. ಬೇಸಿನ್‌ನಲ್ಲಿ ಟ್ಯಾಂಕ್ ನೀರು ತಗೊಂಡು, ಹೊಸ ಬ್ಲೇಡಿನಿಂದ, ಕೆಟ್ಟ ಜಾಗ ಪೂರ್ತಿ ಹೋಗಿ ಗಟ್ಟಿ ಮಾಂಸ ಸಿಗುವ ತನಕ ತೆಗೆಯಿರಿ. ಅಯೋಡಿನ್‌ಗೆ ಕೆಲಸ ಇರುವುದು ಇಲ್ಲಿ: ಬೇರೆ ಪಾತ್ರೆಯಲ್ಲಿ, ಕೋರಲ್ ಡಿಪ್ (ಕೋರಲ್ ಅದ್ದುವ ದ್ರಾವಣ) ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ, ಅದರಲ್ಲಿ ಹೇಳಿದಷ್ಟೇ ಹೊತ್ತು. ಆ ನೀರು ಟ್ಯಾಂಕಿಗೆ ಹೋಗಬಾರದು. ಇಡೀ ಟೋಪಿ ಹೋದರೂ ಎದೆಗುಂದಬೇಡಿ, ಕಾಂಡ ಆರೋಗ್ಯವಾಗಿದ್ದರೆ ಮತ್ತೆ ಟೋಪಿ ಬೆಳೆಯುತ್ತದೆ. ಕತ್ತರಿಸಿದ ಒಳ್ಳೆ ತುಂಡನ್ನೂ ಎಸೆಯಬೇಡಿ. ಲೋಳೆಗೆ ಸೂಪರ್ ಗ್ಲೂ ನಿಲ್ಲುವುದಿಲ್ಲ, ಸಣ್ಣ ಕಲ್ಲಿಗೆ ಸಡಿಲವಾಗಿ ರಬ್ಬರ್ ಬ್ಯಾಂಡ್ ಹಾಕಿಡಿ, ತಾನೇ ಕಚ್ಚಿಕೊಳ್ಳುತ್ತದೆ.

ಸಲಿನಿಟಿ, ಡಿಕೆಎಚ್, ನೈಟ್ರೇಟ್ ಅಳೆದು ಕೆಳಗೆ ಹಾಕಿ. ಫೋಟೊ ತೆಗೆಯುವಾಗ ನೀಲಿ ಲೈಟ್ ಆರಿಸಿ ಬರೀ ಬಿಳಿ ಲೈಟ್ ಇಡಿ. ನೀಲಿಯಲ್ಲಿ ಕಪ್ಪು ಕಲೆ ಕಾಣೋದೇ ಇಲ್ಲ.