ಚುನಾವಣೆ ಹೊತ್ತಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ನೇಪಾಳಕ್ಕೆ ಹೋಗಬಹುದಾ?

ನೀವು ಸಿಂಧನೂರಿನವರು. ತುಂಗಭದ್ರಾ ಡ್ಯಾಂ ಗೇಟ್ ಬದಲಾಯಿಸುವ ಕೆಲಸ ಇರುವುದರಿಂದ ಈ ಸಲ ಎರಡನೇ ಬೆಳೆಗೆ ನೀರಿಲ್ಲ, ಗದ್ದೆ ಕೆಲಸ ಇಲ್ಲದಾಗಲೇ ಅಪ್ಪ-ಅಮ್ಮನಿಗೆ ಪಶುಪತಿನಾಥ, ಮುಕ್ತಿನಾಥ ತೋರಿಸಿಬಿಡೋಣ ಅಂದುಕೊಂಡಿದ್ದೀರಿ. 2026ರ ಮಾರ್ಚ್ 3ಕ್ಕೆ ಉತ್ತರ ಪ್ರದೇಶದ ಸುನೌಲಿಯಲ್ಲಿ ಗಡಿ ದಾಟುವ ಪ್ಲಾನ್. ಟೂರ್‌ನವರು ಏನೂ ಆಗಲ್ಲ ಬನ್ನಿ ಅಂತಾರೆ, ನಿಮ್ಮ ಅಣ್ಣ ಆ ದೇಶದ ಸಹವಾಸವೇ ಬೇಡ ಅಂತಾರೆ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ನಾನು ಹೇಳುವುದು: ಖಂಡಿತ ಹೋಗಿ, ಆದರೆ ಮಾರ್ಚ್ ಮೊದಲ ವಾರ ಬೇಡ. ಏಪ್ರಿಲ್‌ಗೆ ಹಾಕಿಕೊಳ್ಳಿ. ಹೇಗೂ ಆಗಲೂ ನಿಮಗೆ ಕೊಯ್ಲು ಇರಲ್ಲ.

ಮಾರ್ಚ್ 5ಕ್ಕೆ ಅಲ್ಲಿ ಚುನಾವಣೆ. ಗಲಾಟೆ ಆಗುತ್ತೋ ಇಲ್ಲವೋ, ಆ ಮಾತು ಪಕ್ಕಕ್ಕಿಡಿ. ಚುನಾವಣೆ ಬಂತು ಅಂದರೆ ಭಾರತದ ಕಡೆಯ ಗಡಿಯನ್ನು 72 ಗಂಟೆ ಮುಚ್ಚುವುದು ಅಲ್ಲಿ ರೂಢಿ. 2022ರ ನವೆಂಬರ್‌ನಲ್ಲೂ ಹಾಗೇ ಮಾಡಿದ್ದರು. ಮತದಾನದ ದಿನ ಪಾಸ್ ಇಲ್ಲದ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಅಂದರೆ ಎಲ್ಲ ಶಾಂತವಾಗಿ ನಡೆದರೂ ನೀವು ಸುನೌಲಿಯಲ್ಲಿ ಬ್ಯಾಗ್ ಹಿಡಿದು ನಿಂತಿರುತ್ತೀರಿ. ಇದನ್ನು ಟೂರ್‌ನವರು ನಿಮಗೆ ಹೇಳಬೇಕಿತ್ತು. ಹೇಳಿಲ್ಲ ಅನ್ನೋದೇ ನನಗೆ ಬೇಜಾರು.

ಇನ್ನು ನಿಮ್ಮ ಅಣ್ಣನ ಭಯ. ಅದು ಸುಮ್ನೆ ಹುಟ್ಟಿದ್ದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ವಾಟ್ಸಾಪ್, ಫೇಸ್‌ಬುಕ್ ಸೇರಿ 26 ಆಪ್‌ಗಳನ್ನು ಬಂದ್ ಮಾಡಿತು. ಭ್ರಷ್ಟಾಚಾರದ ಮೇಲೆ ಮೊದಲೇ ಕುದಿಯುತ್ತಿದ್ದ ಹುಡುಗರು ಬೀದಿಗೆ ಬಂದರು. ಸೆಪ್ಟೆಂಬರ್ 8ರಂದು ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಸಂಸತ್ತು, ಸರ್ಕಾರದ ಕಚೇರಿಗಳಿರುವ ಸಿಂಹದರ್ಬಾರ್, ಸುಪ್ರೀಂ ಕೋರ್ಟ್, ಹಿಲ್ಟನ್ ಹೋಟೆಲ್ ಎಲ್ಲಾ ಹೊತ್ತಿ ಉರಿದವು. ಒಟ್ಟು ಸತ್ತವರು 70ಕ್ಕೂ ಜಾಸ್ತಿ. 12ನೇ ತಾರೀಕು ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿ ಆದ ಮೇಲೆ ಪರಿಸ್ಥಿತಿ ಹತೋಟಿಗೆ ಬಂತು. ಆ ಸಿಟ್ಟು ಯಾತ್ರಿಕರ ಮೇಲೆ ಇರಲಿಲ್ಲ, ನಿಜ. ಆದರೆ ಹೋಟೆಲ್‌ಗೆ ಬೆಂಕಿ ಹಚ್ಚುವವರು ಒಳಗೆ ಯಾರು ಮಲಗಿದ್ದಾರೆ ಅಂತ ನೋಡಿ ಹಚ್ಚಲ್ಲ.

ಆ ವಾರ ನಮ್ಮ ಸೋದರತ್ತೆ ಕಠ್ಮಂಡುವಿನಲ್ಲೇ ಇದ್ದರು. ಗಂಗಾವತಿಯಿಂದ ಒಂದು ಗುಂಪಿನ ಜೊತೆ ಹೋಗಿದ್ದರು. ಲಾಡ್ಜ್ ಮಾಲೀಕ ಬೋರ್ಡಿನ ಲೈಟ್ ಆರಿಸಿ, ಬೀದಿ ಕಡೆ ರೂಮುಗಳನ್ನು ಖಾಲಿ ಮಾಡಿಸಿ, ಎಲ್ಲರನ್ನೂ ಹಿಂದಿನ ರೂಮುಗಳಿಗೆ ಕಳಿಸಿದನಂತೆ. ಎರಡು ಹೊತ್ತು ಅನ್ನ, ಬೇಳೆ ಸಾರು ಅವನೇ ಮಾಡಿ ಹಾಕಿದ. ಊಟಕ್ಕೆ ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಮಾತ್ರೆಗೆ. ಅತ್ತೆ ಬಿಪಿ, ಶುಗರ್ ಮಾತ್ರೆಗಳನ್ನು ವಾಪಸ್ ಬರುವ ದಿನಕ್ಕೆ ಸರಿಯಾಗಿ ಎಣಿಸಿ ತಗೊಂಡು ಹೋಗಿದ್ದರು. ಹೊರಗೆ ಕರ್ಫ್ಯೂ, ರಸ್ತೆಯಲ್ಲಿ ಮಿಲಿಟರಿ. ಸ್ವಲ್ಪ ಹೊತ್ತು ಸಡಿಲ ಮಾಡಿದಾಗ ಮಾಲೀಕನ ಮಗ ಖಾಲಿ ಸ್ಟ್ರಿಪ್ ಹಿಡಿದುಕೊಂಡು ಓಡಿ, ಮೂರನೇ ಅಂಗಡಿಯಲ್ಲಿ ಬೇರೆ ಕಂಪನಿಯ ಅದೇ ಮಾತ್ರೆ ಹುಡುಕಿ ತಂದ. ಆ ಹುಡುಗನನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ.

ಅದಕ್ಕೇ ಯಾರಾದರೂ ಹೋಗಬಹುದಾ ಅಂತ ಕೇಳಿದರೆ ನಾನು ಮೊದಲು ಕೇಳುವುದು, ನಿಮ್ಮ ಅಪ್ಪ-ಅಮ್ಮ ಒಂದು ವಾರ ಒಂದೇ ರೂಮಿನಲ್ಲಿ ಸಿಕ್ಕಿಹಾಕಿಕೊಂಡರೆ ತಡೆದುಕೊಳ್ಳುತ್ತಾರಾ? ತಡೆದುಕೊಳ್ಳುತ್ತಾರೆ ಅಂದರೆ ಮುಂದಿನ ಮಾತು. ಡಯಾಲಿಸಿಸ್‌ನಂಥ ಚಿಕಿತ್ಸೆ ನಡೀತಿದ್ದರೆ ಇಂಥ ಹೊತ್ತಲ್ಲಿ ಬೇಡವೇ ಬೇಡ.

ಎರಡನೆಯದು, ವಾಪಸ್ ಬರುವ ದಾರಿ. ಬಸ್ಸಿನಲ್ಲಿ ಗಡಿ ದಾಟುವಾಗ ನಮಗೆ ವೀಸಾ ಬೇಡ, ಪಾಸ್‌ಪೋರ್ಟೂ ಬೇಡ. ಹಾಗಾಗಿ ಎಷ್ಟೋ ಜನ ಬರೀ ಆಧಾರ್ ಇಟ್ಟುಕೊಂಡು ಹೊರಡುತ್ತಾರೆ. ರಸ್ತೆ ಬಂದ್ ಆಗಿ ವಿಮಾನದಲ್ಲೇ ಬರಬೇಕಾದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕೇ ಬೇಕು. 65 ದಾಟಿದವರಿಗೆ ಈ ನಿಯಮದಲ್ಲಿ ಸಡಿಲಿಕೆ ಇದೆ, ನಿಮಗಿಲ್ಲ. ಮೂವರದೂ ವೋಟರ್ ಐಡಿ ಅಸಲಿಯನ್ನೇ ಇಟ್ಟುಕೊಳ್ಳಿ. ವಿಮಾನ ನಿಲ್ದಾಣ ಕೂಡ ಸೆಪ್ಟೆಂಬರ್ 9ಕ್ಕೆ ಮುಚ್ಚಿ 10ರ ಸಂಜೆ ತೆರೆಯಿತು, ಹಾಗಾಗಿ ಎರಡೂ ದಾರಿ ಕೈಯಲ್ಲಿರಲಿ. ವಾಟ್ಸಾಪ್ ಒಂದನ್ನೇ ನಂಬಬೇಡಿ. ಅಲ್ಲಿನ ಸಿಮ್ ತಗೊಳ್ಳಿ, ಮನೆಯವರ ಮತ್ತು ಭಾರತದ ರಾಯಭಾರ ಕಚೇರಿಯ ನಂಬರ್ ಚೀಟಿಯಲ್ಲಿ ಬರೆದು ಅಮ್ಮನ ಪರ್ಸಿನಲ್ಲೂ ಹಾಕಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವುದಾದರೆ ಗಲಭೆ, ದಂಗೆಗೆ ಪರಿಹಾರ ಇದೆಯಾ ಅಂತ ಓದಿ. ಬಹಳ ಪಾಲಿಸಿಗಳಲ್ಲಿ ಇರಲ್ಲ.

ಹಾಗಾದರೆ ಪೂರ್ತಿ ರದ್ದು ಯಾಕೆ ಮಾಡಬಾರದು ಅಂತ ಅಣ್ಣ ಕೇಳಬಹುದು. ಅವರಿಗೆ ನಮ್ಮ ಕಡೆಯದ್ದನ್ನೇ ನೆನಪಿಸಿ. 2025ರ ಮಾರ್ಚ್‌ನಲ್ಲಿ ಹಂಪಿ ಕಡೆಯ ಸಾಣಾಪುರದ ಹತ್ತಿರ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ಆ ಘೋರ ಕೃತ್ಯ ನಡೆಯಿತು, ಒಬ್ಬರ ಜೀವವೇ ಹೋಯಿತು. ಆಮೇಲೆ ಆನೆಗೊಂದಿ, ಹಂಪಿ ಕಡೆ ಬುಕಿಂಗ್‌ಗಳು ರದ್ದಾದವು. ಬಂದವರ ಭಯ ತಪ್ಪಲ್ಲ. ಆದರೆ ಆನೆಗೊಂದಿಯಲ್ಲಿ ಹೋಂಸ್ಟೇ ನಡೆಸುವ ನನ್ನ ಗೆಳೆಯನಿಗೆ ಫೋನ್ ಮಾಡಿದವರಿಗೆ ಅವನು ಸರಿಯಾಗಿ ಹೇಳುತ್ತಿದ್ದ: ಕತ್ತಲಾದ ಮೇಲೆ ಕಾಲುವೆ ಕಡೆ ಹೋಗಬೇಡಿ, ಅಂಜನಾದ್ರಿಗೆ ಬೆಳಿಗ್ಗೆನೇ ಹತ್ತಿ, ಗಂಗಾವತಿಯಿಂದ ಇಂಥ ಬಸ್ ಹಿಡಿಯಿರಿ. ಟಿವಿಯಲ್ಲಿ ಈ ಮಾತು ಸಿಗಲ್ಲ, ಅಲ್ವಾ? ನೀವೂ ಹಾಗೇ ಮಾಡಿ. ಪೋಖರಾದಲ್ಲಿ ಇಳಿದುಕೊಳ್ಳುವ ಲಾಡ್ಜ್‌ಗೆ ನೀವೇ ಫೋನ್ ಮಾಡಿ, ಹಿಂದಿ ನಡೆಯುತ್ತದೆ. ಗಡಿ ದಾಟಿದ ಮೇಲೆ ಸಿಗುವ ಬುಟ್ವಲ್‌ನಿಂದ ಬಸ್ ಓಡ್ತಿದೆಯಾ, ಈ ವಾರ ಬಂದ್ ಇತ್ತಾ, ಪೆಟ್ರೋಲ್ ಸಿಗ್ತಿದೆಯಾ ಅಂತ ಒಂದೊಂದೇ ಕೇಳಿ. ನಮ್ಮ ವಿದೇಶಾಂಗ ಇಲಾಖೆಯ ಸೂಚನೆಯನ್ನೂ ಹೊರಡುವ ಹಿಂದಿನ ದಿನ ನೋಡಿ. ಅನಗತ್ಯ ಪ್ರಯಾಣ ಬೇಡ ಅಂದಿದ್ದರೆ ಹಟ ಮಾಡಬೇಡಿ.

ಚುನಾವಣೆ ಫಲಿತಾಂಶ ಬಂದು ಹೊಸ ಸರ್ಕಾರ ಕೂರುವ ತನಕ ನೋಡಿ ಟಿಕೆಟ್ ಮಾಡಿಸಿ. ಏಪ್ರಿಲ್‌ನಲ್ಲಿ ಚಳಿಯೂ ಕಡಿಮೆ. ಮುಕ್ತಿನಾಥ 3,700 ಮೀಟರ್‌ಗಿಂತ ಎತ್ತರದಲ್ಲಿದೆ, ವಯಸ್ಸಾದವರಿಗೆ ಉಸಿರು ಕಟ್ಟುತ್ತದೆ, ಡಾಕ್ಟರನ್ನು ಕೇಳಿಯೇ ಹೊರಡಿ. ಮುಕ್ತಿನಾಥದ ಹತ್ತಿರದ ಊರು ಜೋಮ್‌ಸೋಮ್‌ಗೆ ವಿಮಾನ ಹಾರುವುದು ಬೆಳಿಗ್ಗೆ ಮಾತ್ರ. ಆಮೇಲೆ ಗಾಳಿ ಬಿಡಲ್ಲ, ಒಂದೆರಡು ದಿನ ಕೈಯಲ್ಲಿಟ್ಟುಕೊಳ್ಳಿ. ಪಶುಪತಿನಾಥದಲ್ಲಿ ಮುಖ್ಯ ಅರ್ಚಕರು ನಮ್ಮ ಕರ್ನಾಟಕದ ಭಟ್ಟರೇ. ನಿಮ್ಮ ಅಮ್ಮನಿಗೆ ಅದನ್ನು ಹೇಳಿ, ಖುಷಿಪಡುತ್ತಾರೆ.

ಅಡ್ವಾನ್ಸ್ ಕೊಟ್ಟಿದ್ದೀರಲ್ಲ, ಟೂರ್‌ನವರಿಗೆ ರದ್ದು ಮಾಡಿ ಅನ್ನಬೇಡಿ, ದುಡ್ಡು ಹಿಡಿದುಕೊಳ್ಳುತ್ತಾರೆ. ತಾರೀಕು ಬದಲಾಯಿಸಿ ಕೊಡಿ ಅಂತ ಕೇಳಿ. ಮತ್ತೆ ಗಲಾಟೆ ಆಗಿ ಗಡಿ ಮುಚ್ಚಿದರೆ ಎಷ್ಟು ವಾಪಸ್ ಕೊಡುತ್ತಾರೆ ಅನ್ನೋದನ್ನು ಬಾಯಿಮಾತಲ್ಲಿ ಬಿಡದೆ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಬೇರೆಯವರನ್ನು ನೋಡಿ.