ಮೋಟರ್‌ಹೋಮ್‌ಗೆ ಎಲ್ಲವೂ ಕರೆಂಟಿನದೇ ಸಾಕಾ, ಪ್ರೊಪೇನ್ ಗ್ಯಾಸ್ ಬೇಕಾ?

ನೀವು ಖಾಲಿ ಡೀಸೆಲ್ ವ್ಯಾನ್ ಒಂದನ್ನು ಮೋಟರ್‌ಹೋಮ್ ಮಾಡಿಸುತ್ತಿದ್ದೀರಿ. ಇರುವವರು ಇಬ್ಬರು. ಒಲೆ, ಫ್ರಿಜ್, ಬಿಸಿನೀರು, ರೂಮ್ ಹೀಟರ್ ಎಲ್ಲವನ್ನೂ ಕರೆಂಟಿನಲ್ಲೇ ನಡೆಸಬಹುದಾ, ಪ್ರೊಪೇನ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ಗ್ಯಾಸ್ ಪಕ್ಕದಲ್ಲಿಟ್ಟುಕೊಂಡು ಮಲಗಲು ಭಯ, ಬ್ಯಾಟರಿ ಸಾಲದೆ ಹೋದರೆ ಅನ್ನುವುದು ಇನ್ನೊಂದು ಭಯ ಅಂತಲೂ ಬರೆದಿದ್ದೀರಿ. ಎರಡೂ ನ್ಯಾಯವಾದ ಭಯಗಳೇ.

ನನ್ನ ಮೊದಲ ಗಾಡಿಯಲ್ಲಿ ಎಲ್ಲವೂ ಗ್ಯಾಸಿನದು. ಈಗಿನ ಗಾಡಿಯಲ್ಲಿ ಅಡುಗೆ, ಫ್ರಿಜ್ ಎರಡೂ ಕರೆಂಟಿನವು, ಹೀಟರ್ ಮಾತ್ರ ಡೀಸೆಲ್‌ನದು. ಅಷ್ಟು ಅನುಭವದಿಂದ ಹೇಳುತ್ತೇನೆ: ಒಲೆಯಿಂದ ಯೋಚನೆ ಶುರು ಮಾಡಬೇಡಿ. ಎಲ್ಲರೂ ಒಲೆ ನೋಡಿಯೇ ತೀರ್ಮಾನ ಮಾಡುತ್ತಾರೆ. ಆದರೆ ಲೆಕ್ಕ ತಪ್ಪುವುದು ಚಳಿಯ ರಾತ್ರಿಯಲ್ಲಿ. ನೀವು ಪ್ಲಗ್ ಇಲ್ಲದ ಕಡೆ ಮಲಗುವ ಅತಿ ಚಳಿಯ ರಾತ್ರಿ ಯಾವುದು? ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಸಲೀಸು.

ಲೆಕ್ಕವನ್ನು ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲೇ ಮಾಡೋಣ. 1000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 1.28 ಯೂನಿಟ್. ಒಂದು ಕೆಜಿ ಪ್ರೊಪೇನ್‌ನಲ್ಲಿ ಇರುವುದು ಹತ್ತಿರ ಹತ್ತಿರ 13 ಯೂನಿಟ್. ಅಂದರೆ ಒಂದು ಕೆಜಿ ಗ್ಯಾಸ್ ಹತ್ತು ಬ್ಯಾಟರಿಗೆ ಸಮ. ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದಾಗ ನಾನು ಎರಡು ಸಲ ಗುಣಿಸಿ ನೋಡಿದ್ದೆ.

ಈಗ ಚಳಿಯ ರಾತ್ರಿಗೆ ಬನ್ನಿ. ಹೊರಗೆ 0 ಡಿಗ್ರಿ ಇದ್ದಾಗ ನನ್ನ ಗಾಡಿ ಬೆಚ್ಚಗಿರಲು ಸರಾಸರಿ 1000 ವ್ಯಾಟ್ ಶಾಖ ಬೇಕು. ಗೋಡೆಗೆ ಇನ್ಸುಲೇಷನ್ ಚೆನ್ನಾಗಿ ಹಾಕಿಸಿದ್ದೇನೆ, ಆದರೂ ಅಷ್ಟು ಬೇಕು. ಹತ್ತು ಗಂಟೆಗೆ ಹತ್ತು ಯೂನಿಟ್. ಬ್ಯಾಟರಿಯಲ್ಲಿ ಮಾಡಲು ಹೊರಟರೆ ಎಂಟು ಬ್ಯಾಟರಿ ಒಂದೇ ರಾತ್ರಿಗೆ ಖಾಲಿ. ಮರುದಿನ ಮೋಡ ಇದ್ದರೆ ತುಂಬಿಸುವುದು ಎಲ್ಲಿಂದ? ಅದೇ ಕೆಲಸಕ್ಕೆ ಗ್ಯಾಸ್ ಹೀಟರ್ ಒಂದು ಕೆಜಿ ಆಸುಪಾಸು ಸುಡುತ್ತದೆ, ಅಷ್ಟೇ. ಚಾವಣಿಯ ಎಸಿಯಲ್ಲೇ ಹೀಟ್ ಪಂಪ್ ಇದೆಯಲ್ಲ ಅಂತ ಮಾರುವವರು ಹೇಳುತ್ತಾರೆ. ಅದು ಹೊರಗಿನ ಗಾಳಿಯ ಶಾಖವನ್ನೇ ಒಳಗೆ ಎಳೆದು ತರುವುದರಿಂದ ಕಡಿಮೆ ಕರೆಂಟಿನಲ್ಲಿ ಜಾಸ್ತಿ ಶಾಖ ಕೊಡುವುದು ನಿಜ. ಆದರೆ ಅಂಥ ಬಹಳಷ್ಟು ಯಂತ್ರಗಳು 4-5 ಡಿಗ್ರಿಗೆ ಇಳಿಯುತ್ತಿದ್ದಂತೆ ಸೋಲುತ್ತವೆ. ಬೇಕಾದ ಹೊತ್ತಿಗೇ ಕೈಕೊಟ್ಟ ಹಾಗೆ.

ಹಾಗಂತ ಗ್ಯಾಸ್ ಹಾಕಿಸಿದರೆ ಕರೆಂಟಿನ ಚಿಂತೆ ಇಲ್ಲ ಅಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡೇ ಪಾಠ ಕಲಿತದ್ದು. ಮೊದಲ ಗಾಡಿಯಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಮೂಗು ತಣ್ಣಗಾಗಿ ಎಚ್ಚರವಾಯಿತು. ಹೀಟರಿನ ಫ್ಯಾನ್ ಸುತ್ತುವ ಸದ್ದು ಬರುತ್ತಿತ್ತು, ಆದರೆ ಸೋತ ಸದ್ದು. ಸ್ವಲ್ಪ ಹೊತ್ತು ಸುತ್ತುತ್ತದೆ, ನಿಲ್ಲುತ್ತದೆ, ಮತ್ತೆ ಸುತ್ತುತ್ತದೆ. ಬೆಂಕಿ ಹತ್ತುವ ಆ ‘ಧಗ್’ ಸದ್ದು ಮಾತ್ರ ಇಲ್ಲ. ಟಾರ್ಚ್ ಹಿಡಿದು ಹೊರಗೆ ಹೋಗಿ ಸಿಲಿಂಡರ್ ಎತ್ತಿ ನೋಡಿದೆ. ಅರ್ಧಕ್ಕಿಂತ ಜಾಸ್ತಿಯೇ ತುಂಬಿತ್ತು. ಒಳಗೆ ಬಂದು ಮೀಟರ್ ನೋಡಿದರೆ ಬ್ಯಾಟರಿ 10.6 ವೋಲ್ಟಿಗೆ ಇಳಿದಿತ್ತು. ಆ ಥರದ ಹೀಟರಿನ ಫ್ಯಾನಿನ ಗಾಳಿ ಹೋಗುವ ದಾರಿಯಲ್ಲಿ ಒಂದು ಸಣ್ಣ ತಗಡಿನ ಸ್ವಿಚ್ ಇರುತ್ತದೆ. ಗಾಳಿ ಅದನ್ನು ಜೋರಾಗಿ ತಳ್ಳಿದರೆ ಮಾತ್ರ ಗ್ಯಾಸ್ ವಾಲ್ವ್ ತೆರೆಯುತ್ತದೆ. ವೋಲ್ಟ್ ಇಳಿದು ಫ್ಯಾನ್ ನಿಧಾನವಾದರೆ ಸ್ವಿಚ್ ಆನ್ ಆಗುವುದಿಲ್ಲ, ಗ್ಯಾಸ್ ಬರುವುದಿಲ್ಲ. ಸುರಕ್ಷತೆಗೆ ಅದು ಹಾಗೇ ಇರಬೇಕು. ಆದರೆ ನಾವಿಬ್ಬರು ಬೆಳಗಿನವರೆಗೆ ಇದ್ದಬದ್ದ ಬಟ್ಟೆಯನ್ನೆಲ್ಲ ಹೊದ್ದು ಕೂತೆವು. ಸಿಲಿಂಡರಿನಲ್ಲಿ ಬೇಕಾದಷ್ಟು ಗ್ಯಾಸ್ ಇತ್ತು, ಅದನ್ನು ಸುಡಲು ಕರೆಂಟ್ ಇರಲಿಲ್ಲ. ನೀವು ಯಾವ ದಾರಿ ಹಿಡಿದರೂ ಒಳ್ಳೆಯ ಬ್ಯಾಟರಿ ಬೇಕೇ ಬೇಕು.

ಒಲೆಯ ವಿಷಯಕ್ಕೆ ಬಂದರೆ ನನ್ನ ಓಟು ಇಂಡಕ್ಷನ್‌ಗೆ, ಎರಡನೇ ಮಾತೇ ಇಲ್ಲ. ಒಂದು ಲೀಟರ್ ನೀರು ಕುದಿಸಲು ಬೇಕಾಗುವುದು 0.11 ಯೂನಿಟ್ ಆಸುಪಾಸು. ಇಬ್ಬರ ದಿನದ ಅಡುಗೆ ಒಂದು ಯೂನಿಟ್ ಒಳಗೆ ಮುಗಿಯುತ್ತದೆ. ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. ತೆರೆದ ಬರ್ನರ್ ಆದರೆ ಅದೆಲ್ಲ ನೀವು ಮಲಗುವ ಜಾಗದಲ್ಲೇ ಸೇರಿಕೊಳ್ಳುತ್ತದೆ. ಮೊದಲ ಗಾಡಿಯಲ್ಲಿ ಚಳಿಗಾಲದ ಬೆಳಿಗ್ಗೆ ಕಿಟಕಿಯಿಂದ ನೀರು ಇಳಿಯುತ್ತಿತ್ತು. ಹಾಸಿಗೆ ಎತ್ತಿದರೆ ಅಡಿಯ ಹಲಗೆ ಒದ್ದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ಅಡುಗೆ ಮಾಡುವಾಗಲೆಲ್ಲ ಕಿಟಕಿ ತೆರೆಯಬೇಕಿತ್ತು, ಆಗ ಬೆಚ್ಚಗಿದ್ದದ್ದೂ ಹೊರಗೆ ಹೋಗುತ್ತಿತ್ತು. ಇಂಡಕ್ಷನ್ ಬಂದ ಮೇಲೆ ಪಾತ್ರೆಯ ಹಬೆ ಮಾತ್ರ ಉಳಿಯಿತು.

ಫ್ರಿಜ್ ಬಗ್ಗೆಯೂ ಹೆಚ್ಚು ಯೋಚಿಸಬೇಕಿಲ್ಲ. ಗ್ಯಾಸಿನಲ್ಲಿ ಓಡುವ ಫ್ರಿಜ್ ಒಂದು ಅದ್ಭುತ ಯಂತ್ರ. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, 1922ರಲ್ಲಿ ಅದನ್ನು ರೂಪಿಸಿದರು. ತಿರುಗುವ ಭಾಗ ಒಂದೂ ಇಲ್ಲ, ಸದ್ದೂ ಇಲ್ಲ. ಬೆಂಕಿಯಿಂದ ತಂಪು! ಆದರೆ ಅದರೊಳಗಿನ ದ್ರವ ತಾನಾಗಿ ಹರಿದು ಬರಬೇಕು, ಹಾಗಾಗಿ ಗಾಡಿ ಮಟ್ಟಸವಾಗಿ ನಿಂತಿರಬೇಕು. ಅದನ್ನೇ ಕರೆಂಟಿಗೆ ಹಾಕಿದರೆ ಮನೆಯಲ್ಲಿರುವಂಥ ಕಂಪ್ರೆಸರ್ ಫ್ರಿಜ್‌ನ ಹಲವು ಪಟ್ಟು ಎಳೆಯುತ್ತದೆ. ಈಗ ಸಿಗುವ 12 ವೋಲ್ಟ್ ಕಂಪ್ರೆಸರ್ ಫ್ರಿಜ್‌ಗೆ ದಿನಕ್ಕೆ ಅರ್ಧದಿಂದ ಒಂದು ಯೂನಿಟ್ ಸಾಕು. ಓರೆಯಾಗಿ ನಿಂತರೂ ಕೆಲಸ ಮಾಡುತ್ತದೆ. ಅದನ್ನೇ ತಗೊಳ್ಳಿ.

ಸ್ನಾನಕ್ಕೆ 20 ಲೀಟರ್ ನೀರನ್ನು 40 ಡಿಗ್ರಿ ಏರಿಸಲು ಒಂದು ಯೂನಿಟ್‌ಗೆ ಸ್ವಲ್ಪ ಕಡಿಮೆ. ಎಂಜಿನ್ ಶಾಖದಿಂದ ನೀರು ಕಾಯಿಸುವ ಟ್ಯಾಂಕ್ ಸಿಗುತ್ತದೆ. ದಿನವೂ ಸ್ವಲ್ಪ ದೂರ ಓಡಿಸುವವರಾದರೆ ಅದನ್ನು ಹಾಕಿಸಿ, ಆ ಕರೆಂಟೂ ಉಳಿಯುತ್ತದೆ. ಎಸಿಗೆ ಹೇಗೂ ಕರೆಂಟೇ ಬೇಕು, ಅಲ್ಲಿ ಗ್ಯಾಸ್ ಏನೂ ಸಹಾಯ ಮಾಡುವುದಿಲ್ಲ.

ಇನ್ನು ನಿಮ್ಮ ಭಯದ ಮಾತು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಅದಕ್ಕೇ ಸಿಲಿಂಡರ್ ಇಡುವ ಡಬ್ಬಿಯನ್ನು ಒಳಗಿನಿಂದ ಪೂರ್ತಿ ಮುಚ್ಚಿ, ತಳದಲ್ಲಿ ಹೊರಗಡೆಗೆ ತೂತು ಬಿಡುತ್ತಾರೆ. ಗ್ಯಾಸ್ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು, ಉರಿಯುವಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬೇರೆ ಡಿಟೆಕ್ಟರ್ ಹಾಸಿಗೆ ಹತ್ತಿರ ಇರಬೇಕು. ಉರಿಯುವಂಥದ್ದು ಏನಿದ್ದರೂ, ಡೀಸೆಲ್ ಹೀಟರ್ ಆದರೂ ಸರಿ, ಈ ಎರಡನೆಯದು ಬೇಕೇ ಬೇಕು. ನಾನು ಪ್ರತಿ ಪ್ರವಾಸಕ್ಕೂ ಮುಂಚೆ ಬ್ರಷ್‌ನಲ್ಲಿ ಸೋಪಿನ ನೀರು ಹಚ್ಚಿ ಜೋಡಣೆಗಳನ್ನೆಲ್ಲ ನೋಡುತ್ತಿದ್ದೆ. ಒಂದು ಸಲ ರೆಗ್ಯುಲೇಟರ್ ಪಕ್ಕದ ನಟ್ಟಿನ ಸುತ್ತ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದೊಂದೇ ಎದ್ದವು. ವಾಸನೆ ಏನೂ ಬಂದಿರಲಿಲ್ಲ. ವಾಲ್ವ್ ಮುಚ್ಚಿ, ಮೆಕ್ಯಾನಿಕ್ ಬಂದು ಸರಿ ಮಾಡುವವರೆಗೂ ಗಾಡಿ ಎತ್ತಲಿಲ್ಲ.

ಆದರೆ ಗ್ಯಾಸಿಗೆ ಹೆದರುವವರು ಕರೆಂಟನ್ನು ಸುಮ್ನೆ ನಂಬುತ್ತಾರೆ, ಅದೂ ಸರಿಯಲ್ಲ. 1800 ವ್ಯಾಟಿನ ಇಂಡಕ್ಷನ್ ಒಲೆ 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವುದು 150 ಆಂಪಿಯರ್‌ಗಿಂತ ಜಾಸ್ತಿ. ಅಷ್ಟಕ್ಕೆ ಕೈಬೆರಳಿನಷ್ಟು ದಪ್ಪದ ಕೇಬಲ್ ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು. ಒಂದು ನಟ್ಟು ಸಡಿಲವಾದರೂ ಆ ಜಾಗ ಬಿಸಿಯಾಗುತ್ತದೆ. ಅಡುಗೆ ಆದ ಕೂಡಲೇ ಇನ್ವರ್ಟರ್ ಆಫ್ ಮಾಡಿ ಜೋಡಣೆಗಳ ಹತ್ತಿರ ಕೈ ಹಿಡಿದು ನೋಡುವುದು ನನಗೆ ಅಭ್ಯಾಸವಾಗಿದೆ. ಬಿಸಿ ಅನ್ನಿಸಿದರೆ ಆ ದಿನ ಒಲೆ ಬಂದ್. ಹೊಸದಾಗಿ ಮಾಡಿಸುತ್ತಿರುವುದರಿಂದ 24 ಅಥವಾ 48 ವೋಲ್ಟಿಗೆ ಹೋಗಬಹುದಾ ಅಂತ ಕೇಳಿ ನೋಡಿ. 48 ವೋಲ್ಟಿನಲ್ಲಿ ಅದೇ ಒಲೆಗೆ 40 ಆಂಪಿಯರ್ ಆಸುಪಾಸು ಸಾಕು. ಮತ್ತೊಂದು ಮಾತು, ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಆದ್ದರಿಂದ ಅವನ್ನು ಗಾಡಿಯ ಅಡಿಗೆ ತೂಗುಹಾಕಿಸಬೇಡಿ, ಒಳಗೆ ಬೆಚ್ಚಗಿರುವ ಕಡೆ ಇಡಿಸಿ.

ನಿಮ್ಮ ಗಾಡಿಗೆ ಏನು ಮಾಡುತ್ತಿದ್ದೆ ಅಂದರೆ: ಅಡುಗೆ, ಫ್ರಿಜ್, ಬಿಸಿನೀರು ಎಲ್ಲ ಕರೆಂಟ್. ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ ಸ್ವಲ್ಪ ತಿನ್ನುತ್ತದೆ. ಅದನ್ನೂ ದೀಪ, ಫೋನ್, ಪಂಪನ್ನೂ ಸೇರಿಸಿದರೆ ದಿನಕ್ಕೆ ಮೂರೂವರೆ ಯೂನಿಟ್ ಆದೀತು. 12 ವೋಲ್ಟಿನ 400 ಆಂಪಿಯರ್-ಅವರ್ ಲಿಥಿಯಂನಲ್ಲಿ ಐದು ಯೂನಿಟ್ ಇರುತ್ತದೆ. ಮೇಲೆ 400 ವ್ಯಾಟ್ ಸೋಲಾರ್ ಇದ್ದರೆ ಒಳ್ಳೆಯ ಬಿಸಿಲಿಗೆ ಒಂದೂವರೆಯಿಂದ ಎರಡು ಯೂನಿಟ್, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನಿಂದ 50 ಆಂಪಿಯರ್ ಚಾರ್ಜರ್ ಹಾಕಿಸಿದರೆ ಎರಡು ಗಂಟೆ ಓಡಿಸಿದ್ದಕ್ಕೆ ಇನ್ನೊಂದು ಯೂನಿಟ್ ಚಿಲ್ಲರೆ. ಎರಡು ಮೂರು ದಿನ ಎಲ್ಲೂ ಪ್ಲಗ್ ಹುಡುಕದೆ ಇರಬಹುದು.

ಹೀಟರ್ ಮಾತ್ರ ಡೀಸೆಲ್‌ನದು, ಗಾಡಿಯ ಟ್ಯಾಂಕಿನಿಂದಲೇ. ನಿಮ್ಮದು ಡೀಸೆಲ್ ಗಾಡಿ ಆದ್ದರಿಂದ ಇದು ಸುಲಭ. 2 ಕಿಲೋವ್ಯಾಟಿನದು ಪೂರ್ತಿ ಉರಿದರೂ ಗಂಟೆಗೆ ಕಾಲು ಲೀಟರ್ ಆಸುಪಾಸು. ಗಾಳಿ ಹೊರಗಿನಿಂದ ಎಳೆದುಕೊಂಡು ಹೊಗೆ ಹೊರಗೇ ಬಿಡುತ್ತದೆ, ಒಳಗೆ ಬರುವುದು ಒಣ ಬೆಚ್ಚನೆ ಗಾಳಿ. ಫ್ಯಾನಿಗೆ ಕರೆಂಟ್ ಬೇಕು, ಆದರೆ ಸ್ವಲ್ಪ. ತುಂಬ ಎತ್ತರದ ಜಾಗಗಳಲ್ಲಿ ಮಸಿ ಕಟ್ಟುತ್ತದೆ, ಎತ್ತರಕ್ಕೆ ಹೊಂದಿಸುವ ಸೌಲಭ್ಯ ಇರುವುದನ್ನೇ ಆರಿಸಿ. ಹೀಗೆ ಮಾಡಿದರೆ ಗಾಡಿಯಲ್ಲಿ ಗ್ಯಾಸ್ ಸಿಲಿಂಡರ್ರೇ ಇರುವುದಿಲ್ಲ.

ಪ್ರತಿ ರಾತ್ರಿ ಪ್ಲಗ್ ಸಿಗುವ ಕಡೆಯೇ ನಿಲ್ಲುವವರಾದರೆ ಹೀಟರನ್ನೂ ಕರೆಂಟಿನದೇ ಮಾಡಿಸಿ. ಆದರೆ 230 ವೋಲ್ಟಿನ 10 ಆಂಪಿಯರ್ ಪ್ಲಗ್‌ನಲ್ಲಿ ಸಿಗುವುದು ಒಟ್ಟು 2300 ವ್ಯಾಟ್. ಒಲೆ, ಹೀಟರ್ ಎರಡೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ಅದಕ್ಕೆ ವಿರುದ್ಧವಾಗಿ, ಹಿಮದ ಜಾಗದಲ್ಲಿ ವಾರಗಟ್ಟಲೆ ಒಂದೇ ಕಡೆ ನಿಲ್ಲುತ್ತೀರಿ, ಬಿಸಿಲೂ ಇಲ್ಲ, ಗಾಡಿಯೂ ಓಡುವುದಿಲ್ಲ ಅಂದರೆ ಪ್ರೊಪೇನ್ ಬೇಡ ಅಂತ ನಾನು ಹೇಳಲಾರೆ. ಆಗ ಸಿಲಿಂಡರಿನಲ್ಲಿ ಸಿಗುವ ಇನ್ನೊಂದು ಗ್ಯಾಸ್, ಬ್ಯೂಟೇನ್, ತುಂಬಿಸಬೇಡಿ, ಅದು 0 ಡಿಗ್ರಿ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ.

ಎಷ್ಟು ರಾತ್ರಿ ಪ್ಲಗ್ ಇಲ್ಲದೆ ಇರುತ್ತೀರಿ, ಹೋಗುವ ಜಾಗಗಳಲ್ಲಿ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ, ದಿನಕ್ಕೆ ಎಷ್ಟು ಹೊತ್ತು ಓಡಿಸುತ್ತೀರಿ, ಈ ಮೂರನ್ನು ಬರೆಯಿರಿ. ಬ್ಯಾಟರಿ ಎಷ್ಟು ಬೇಕು ಅಂತ ನಿಮ್ಮ ಲೆಕ್ಕವನ್ನೇ ಮಾಡಿ ಕೊಡುತ್ತೇನೆ. ಅಲ್ಲಿಯವರೆಗೆ ಗೋಡೆಗೆ ಹಲಗೆ ಹೊಡೆಸಬೇಡಿ, ಕೇಬಲ್ ಎಳೆಯಲು ಜಾಗ ಬೇಕಾಗುತ್ತದೆ.