ಮಕ್ಕಳಿಗೆ ಫುಟ್ಬಾಲ್ ಕಲಿಸುವವರು ಪಂಚಾಯತ್ ಚುನಾವಣೆಗೆ ನಿಲ್ಲಬಹುದಾ?

ನೀವು ಕೇಳಿದ್ದು ಇಷ್ಟು: ಹತ್ತು ವರ್ಷ ಆಡಿದ್ದೀರಿ, ಈಗ ಊರಿನ ಮಕ್ಕಳಿಗೆ ಕಲಿಸುತ್ತಿದ್ದೀರಿ, ಪಂಚಾಯತ್‌ಗೆ ನಿಲ್ಲಿ ಅಂತ ಜನ ಒತ್ತಾಯಿಸುತ್ತಿದ್ದಾರೆ. ನಿಲ್ಲಬೇಕಾ, ಬೇಡವಾ?

ನಾನು ಅದೇ ದಾರಿಯಲ್ಲಿ ಹೋದವನು. ಮಂಗಳೂರು ಪಕ್ಕದ ಒಂದು ಗ್ರಾಮದಲ್ಲಿ 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಸದಸ್ಯನಾದೆ. ದೊಡ್ಡ ಆಟಗಾರನೇನಲ್ಲ. ಕೊಯ್ಲಾದ ಗದ್ದೆಯಲ್ಲಿ ಶುರು ಮಾಡಿ ಮಂಗಳೂರಿನ ನೆಹರೂ ಮೈದಾನದವರೆಗೆ ಹೋದ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯಲ್ಲಿ ಗೋಲು ಕಾಯುವ ಡಿಫೆಂಡರ್. ಜುಲೈ ತಿಂಗಳಲ್ಲಿ ಅಲ್ಲಿ ಆಡಿದವರಿಗೆ ಗೊತ್ತು, ಚೆಂಡು ಕೆಸರಲ್ಲಿ ನಿಂತುಬಿಡುತ್ತದೆ, ನಾವು ಮಾತ್ರ ಜಾರಿಕೊಂಡು ಮುಂದೆ ಹೋಗುತ್ತೇವೆ. 26ನೇ ವಯಸ್ಸಿಗೆ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು. ಮತ್ತೆ ಓಡಿದೆ, ಆದರೆ ಓಡುತ್ತಾ ತಿರುಗುವಾಗಿನ ಭಯ ಹೋಗಲಿಲ್ಲ. ಹಾಗಾಗಿ ಕೋಚ್ ಆದೆ. ಮೊದಲ ದಿನ ಬಂದದ್ದು ಹನ್ನೊಂದು ಮಕ್ಕಳು.

ಫುಟ್ಬಾಲ್‌ನಿಂದ ರಾಜಕೀಯಕ್ಕೆ ಬಂದವರು ಅಂತ ನೀವು ಭಾರತ ತಂಡದ ನಾಯಕರಾಗಿದ್ದ ಬೈಚುಂಗ್ ಭುಟಿಯಾ, ಲೈಬೀರಿಯಾದ ಜಾರ್ಜ್ ವೇಹಾ ಹೆಸರು ಬರೆದಿದ್ದೀರಿ. ಆಟದ ಹೆಸರು ಮತ ತರುತ್ತದೆ ಅಂತ ನಂಬಬೇಡಿ. ಭುಟಿಯಾ 2014ರಲ್ಲಿ ಡಾರ್ಜಿಲಿಂಗ್‌ನಲ್ಲಿ ಲೋಕಸಭೆಗೆ ನಿಂತು ಸೋತರು. ವೇಹಾ 1995ರಲ್ಲೇ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದವರು, ಆದರೂ 2005ರಲ್ಲಿ ಸೋತು, ತಮ್ಮ ದೇಶದ ಅಧ್ಯಕ್ಷ ಚುನಾವಣೆ ಗೆಲ್ಲಲು 2017ರವರೆಗೆ ಕಾದರು.

ನಾನು ನಿಂತದ್ದು ಒಂದು ಜಾಗಕ್ಕಾಗಿ. ನಮ್ಮ ಮಕ್ಕಳು ಆಡುತ್ತಿದ್ದದ್ದು ಸರ್ಕಾರಿ ಜಾಗದಲ್ಲಿ. ಒಂದು ದಿನ ಬೆಳಿಗ್ಗೆ ಐದೂವರೆಗೆ ಹೋದರೆ ಪೆನಾಲ್ಟಿ ಬಾಕ್ಸ್ ಇರುವಲ್ಲಿ ಎರಡು ಲೋಡ್ ಕೆಂಪುಕಲ್ಲು ಬಿದ್ದಿತ್ತು. ಪಕ್ಕದ ಜಾಗದವರು ಇದು ತಮ್ಮ ಕುಮ್ಕಿ ಅಂದರು. ನಿಮ್ಮ ಕಡೆ ಈ ಪದ ಇಲ್ಲದಿರಬಹುದು. ನಮ್ಮ ಜಿಲ್ಲೆಯಲ್ಲಿ ವರ್ಗ ಜಾಗದ (ಕೃಷಿಕರ ಸ್ವಂತ ಪಟ್ಟಾ ಭೂಮಿಯ) ಸುತ್ತ 100 ಗಜದವರೆಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ ತರಲು, ದನ ಮೇಯಿಸಲು ಕೃಷಿಕರಿಗೆ ಇರುವ ಸವಲತ್ತು ಅದು. ಭೂಮಿ ಮಾತ್ರ ಸರ್ಕಾರದ್ದೇ. ಕಚೇರಿಗೆ ಅರ್ಜಿ ಹಿಡಿದುಕೊಂಡು ಹೋದೆ. ಅಲ್ಲಿದ್ದವರು ತಲೆ ಎತ್ತದೆ ಕೇಳಿದರು, "ನೀವು ಯಾರು? ಯಾವ ಹಕ್ಕಿನಲ್ಲಿ ಕೇಳ್ತೀರಿ?" ಕೋಚ್ ಅಂದೆ. ಅದು ಅವರಿಗೆ ಉತ್ತರವೇ ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಮಾರಾಯ್ರೆ.

ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಮನೆ ಮನೆಗೆ ನಡೆದೆ. ಮಕ್ಕಳ ಅಮ್ಮಂದಿರೇ ಜೊತೆಗೆ ಬಂದರು. 37 ಮತದಲ್ಲಿ ಗೆದ್ದೆ.

ಮೊದಲ ವರ್ಷ ಮೈದಾನದ ಮಾತು ಎತ್ತಲೇ ಆಗಲಿಲ್ಲ. ಕುಡಿಯುವ ನೀರು, ದಾರಿದೀಪ, ಚರಂಡಿ, ಒಣಕಸ. ಅವೂ ಬೇಕಾದವೇ ಅಲ್ವಾ? ಆಮೇಲೆ ಗ್ರಾಮಸಭೆಯಲ್ಲಿ ವಿಷಯ ಇಟ್ಟೆವು, ಪಂಚಾಯತ್ ನಿರ್ಣಯ ಮಾಡಿತು. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಸರ್ಕಾರಿ ಜಾಗವನ್ನು ಸಾರ್ವಜನಿಕ ಕೆಲಸಕ್ಕೆ ಕಾದಿರಿಸಬಹುದು. ಫೈಲಿನ ಹಿಂದೆ ಓಡಿದ್ದು ಎರಡು ವರ್ಷ. ಲೆಫ್ಟ್ ಬ್ಯಾಕ್ ಆಗಿಯೂ ಅಷ್ಟು ಓಡಿರಲಿಲ್ಲ. ಸರ್ವೆಯವರು ಅಳೆದಾಗ ಸಿಕ್ಕಿದ್ದು ಒಂದು ಎಕರೆ 12 ಸೆಂಟ್ಸ್, ಅಂದರೆ 112 ಸೆಂಟ್ಸ್. 105ಕ್ಕೆ 68 ಮೀಟರಿನ ಪೂರ್ತಿ ಮೈದಾನಕ್ಕೆ ಸುಮಾರು 176 ಸೆಂಟ್ಸ್ ಬೇಕು. ಹಾಗಾಗಿ ಏಳು ಏಳು ಮಂದಿ ಆಡುತ್ತೇವೆ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) "ಆಟದ ಮೈದಾನ" ಎಂಬ ಎರಡು ಪದ ಬಂದ ದಿನ ಅದರ ಪ್ರತಿ ತೆಗೆಸಿ ಹುಡುಗರಿಗೆ ತೋರಿಸಿದೆ. ಅವರು ನೋಡಿ, ಸರಿ ಸರ್ ಅಂತ ಚೆಂಡಿನ ಹಿಂದೆ ಓಡಿದರು. ನನಗೆ ಕಣ್ಣು ತುಂಬಿ ಬಂತು.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಗೆದ್ದ ಮೇಲೆ ತಂಡ ಆರಿಸುವುದು ಕಷ್ಟ. ನನ್ನ ಪರವಾಗಿ ಹಗಲು ರಾತ್ರಿ ಓಡಾಡಿದ ಒಬ್ಬರ ಮಗನನ್ನು ಟೂರ್ನಮೆಂಟ್‌ಗೆ ತೆಗೆದುಕೊಳ್ಳಲಿಲ್ಲ. ಅವನಿಗಿಂತ ಚೆನ್ನಾಗಿ ಆಡುವ ಹುಡುಗನಿದ್ದ, ಆ ಹುಡುಗನ ಅಪ್ಪ ನನ್ನ ಎದುರು ಪ್ರಚಾರ ಮಾಡಿದವರು. ಇವತ್ತಿಗೂ ಮೊದಲಿನವರು ಅಂಗಡಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಅವರ ಮಗ ಮಾತ್ರ ದಿನಾ ಅಭ್ಯಾಸಕ್ಕೆ ಬರುತ್ತಾನೆ. ಅದೊಂದೇ ಸಮಾಧಾನ.

ನಿಲ್ಲಿ, ಆದರೆ ಯಾವ ಒಂದು ಕೆಲಸಕ್ಕೆ ಅಂತ ಮೊದಲು ಬರೆದಿಟ್ಟುಕೊಳ್ಳಿ. ಬೆಳಗಿನ ಅಭ್ಯಾಸ ಬಿಡಬೇಡಿ, ಮೀಟಿಂಗ್ ಇದ್ದ ದಿನವೂ. ನಾಮಪತ್ರಕ್ಕೂ ಮೊದಲು ನಿಮ್ಮ ಮಕ್ಕಳು ಆಡುವ ಜಾಗದ ಸರ್ವೆ ನಂಬರ್ ಹುಡುಕಿ, ಆರ್‌ಟಿಸಿ ತೆಗೆಸಿ. ಅದರಲ್ಲಿ ಏನಿದೆ ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.